ಅರಿಶಿನ ಬೆಳೆಯದವರಿಗೂ ಬಂದ ಪತ್ರ

"ಪಟ್ಟಿ ಕಳುವಾಯ್ತು ಅಂತ ಸ್ಟೇಷನ್‌ಗೆ ಹೋಗಿ ಬರ್ಕೊಡ್ತೀರಿ. ಆ ಪಟ್ಟಿ ಎಲ್ಲಿ, ತೋರ್ಸಿ ಅಂದ್ರೆ ತೋರ್ಸಲ್ಲ ಅಂತೀರಿ. ಹಂಗಾದ್ರೆ ನಾನೇನು ದೇವ್ರ ಮುಂದೆ ಕೂತು ಹೂ ಕೇಳ್ಲಾ ಚಂದ್ರಕುಮಾರ್?"

ಮಲ್ಲಿಕಾರ್ಜುನಸ್ವಾಮಿಗೆ ರೇಗಿಹೋಗಿತ್ತು. ಚಾಮರಾಜನಗರದ ಈ ಆಫೀಸಿಗೆ ಬಂದು ಕೂತಾಗಿನಿಂದ ಎರಡು ಸಲ ಟೀ ಬಂದಿತ್ತು, ಒಂದು ಸಲ ಕರೆಂಟು ಹೋಗಿ ಬಂದಿತ್ತು. ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ಬಂದಿರಲಿಲ್ಲ.

ಎದುರಿಗೆ ಕೂತಿದ್ದ ಚಂದ್ರಕುಮಾರ್ ತಣ್ಣಗೆ ನಕ್ಕ. ಅವನ ಹಿಂದಿನ ಗೋಡೆಯ ಮೇಲೆ 'ಚಂದ್ರ ಡೈರೆಕ್ಟ್ ಮೇಲ್' ಎಂಬ ಬೋರ್ಡು. ಒಡವೆ ಅಂಗಡಿ, ಖಾಸಗಿ ಶಾಲೆ, ಟ್ರಾಕ್ಟರ್ ಶೋರೂಮು, ಯಾರದೇ ಜಾಹೀರಾತಿರಲಿ, ಲಕೋಟೆಗೆ ಹಾಕಿ, ವಿಳಾಸ ಅಂಟಿಸಿ ಮನೆಮನೆಗೆ ಅಂಚೆಯಲ್ಲಿ ಕಳಿಸುವುದು ಅವನ ದಂಧೆ.

"ಸಾರ್, ನನ್ನ ಅಂಗಡಿಯಲ್ಲಿ ಮಾರೋ ಮಾಲು ಅಂತ ಇರೋದೇ ಆ ಪಟ್ಟಿ. ಅದನ್ನೇ ನಿಮ್ಮ ಮುಂದೆ ಹರಡಿದ್ರೆ ನಾನು ಬಾಗಿಲು ಹಾಕ್ಕೊಂಡು ಹೋಗ್ಬೇಕಷ್ಟೆ."

"ನಿಮ್ಮ ಬಾಗಿಲು ಹಾಳಾಗಿ ಹೋಗ್ಲಿ. ಅಲ್ಲೊಬ್ಬ ಹುಡುಗನ ಬದುಕಿನ ಬಾಗಿಲೇ ಮುಚ್ತಾ ಇದೆ, ಗೊತ್ತಾ?"

ಆ ಹುಡುಗ ಸಿದ್ದಾರ್ಥ. ಹರದನಹಳ್ಳಿಯ ಸುಂದ್ರಮ್ಮನ ಮಗ. ಹೋದ ತಿಂಗಳವರೆಗೂ ಇದೇ ಆಫೀಸಿನಲ್ಲಿ ವಿಳಾಸದ ಚೀಟಿ ಅಂಟಿಸುತ್ತಿದ್ದವನನ್ನು ಬೆಳಿಗ್ಗೆ ಪೊಲೀಸರು ವಿಚಾರಣೆಗೆ ಕೂರಿಸಿಕೊಂಡಿದ್ದರು. 'ಹಳದಿಸಿರಿ ಯಂತ್ರೋದ್ಯಮ' ಎಂಬ ಊರಿಲ್ಲದ ಕಂಪನಿಯೊಂದು ಊರೂರಿಗೆ ಪತ್ರ ಕಳಿಸಿ, ಅರಿಶಿನ ಬೇಯಿಸುವ ಸ್ಟೀಲ್ ಡ್ರಮ್ಮು ಅರ್ಧ ಬೆಲೆಗೆ ಕೊಡುತ್ತೇವೆಂದು ಮುಂಗಡ ಕಟ್ಟಿಸಿಕೊಂಡು ಕೈ ಎತ್ತಿತ್ತು. ಆ ವಿಳಾಸಗಳನ್ನು ಸಿದ್ದಾರ್ಥನೇ ಕದ್ದು ಮಾರಿದ್ದಾನೆ ಎಂದು ಚಂದ್ರಕುಮಾರ್ ಬರೆದುಕೊಟ್ಟಿದ್ದ.

ಎಫ್‌ಐಆರ್‌ನಲ್ಲಿ ಸದ್ಯಕ್ಕೆ ಅಪರಿಚಿತರು ಎಂದಿತ್ತು. ಸಂಜೆ ಅಲ್ಲಿಗೆ ಸಿದ್ದಾರ್ಥನ ಹೆಸರು ಬೀಳುವುದಿತ್ತು. ಬಿದ್ದರೆ ಅವನಿಗೆ ಬಂದಿದ್ದ ಗ್ರಾಮ ಆಡಳಿತಾಧಿಕಾರಿ ಕೆಲಸ ಪೊಲೀಸ್ ವೆರಿಫಿಕೇಶನ್ನಿನಲ್ಲೇ ನೆಗೆದುಬೀಳುತ್ತಿತ್ತು. ಸುಂದ್ರಮ್ಮ ಸ್ಟೇಷನ್ ಎದುರಿನ ಹೊಂಗೆ ಮರದ ಕೆಳಗೆ ಊಟ ನೀರು ಬಿಟ್ಟು ಕೂತಿದ್ದಳು.

"ಸ್ವಾಮಣ್ಣ, ನನ್ ಮಗ ಅಂತೋನಲ್ಲ ಕನಣ್ಣ" ಅಂದಿದ್ದಳು. ಅದೊಂದೇ ಮಾತು. ನಿವೃತ್ತ ಎಎಸ್ಐ ಮಲ್ಲಿಕಾರ್ಜುನಸ್ವಾಮಿ ಮೂವತ್ತೈದು ವರ್ಷದ ಸರ್ವಿಸಿನಲ್ಲಿ ಆ ಮಾತನ್ನು ಕಳ್ಳರ ತಾಯಂದಿರ ಬಾಯಲ್ಲೂ ಕೇಳಿದ್ದ, ಪಾಪದವರ ತಾಯಂದಿರ ಬಾಯಲ್ಲೂ ಕೇಳಿದ್ದ. ಯಾಕೋ ಇವಳು ಹೇಳಿದಾಗ ನಂಬಬೇಕು ಅನ್ನಿಸಿತ್ತು.

ಹೊರಗಿನಿಂದ ಪೇಂ ಪೇಂ ಎಂದು ಹಾರನ್ನು. ಅವನ ಅಳಿಯ ಮಲ್ಲೇಶ. ಮಾವನ ಸ್ಕೂಟರು ಗ್ಯಾರೇಜು ಸೇರಿದೆ ಎಂದು ತಿಳಿದು, "ನಾನು ಕರ್ಕೊಂಡು ಹೋಗ್ತೀನಿ ಮಾವ, ಶೋರೂಮಿಗೆ ರಜೆ ಹಾಕ್ತೀನಿ" ಎಂದು ಗುಂಡ್ಲುಪೇಟೆಯಿಂದ ಕಾರು ತಂದಿದ್ದ. ಒಳ್ಳೆಯ ಹುಡುಗ. ಆದರೆ ಐದು ನಿಮಿಷ ಸುಮ್ಮನೆ ಕೂರಲಾರ.

"ಏನಪ್ಪಾ ಇವನ್ದು ಗೋಳು!" ಅಂತ ಸ್ವಾಮಿ ಕಿಟಕಿಯ ಕಡೆ ಕೈ ಬೀಸಿದ. ಹಾರನ್ನು ನಿಂತಿತು. ಆಮೇಲೆ ಕಾರಿನ ಸ್ಪೀಕರಿನಿಂದ ಹಾಡು ಶುರುವಾಯಿತು.

ಸ್ವಾಮಿ ಹಣೆ ಒತ್ತಿಕೊಂಡು ಚಂದ್ರಕುಮಾರನ ಕಡೆ ತಿರುಗಿದ. ಮಾತಿನ ದಾರಿ ಬದಲಾಯಿಸಿದ.

"ಅಲ್ಲಿ ರ‍್ಯಾಕ್ ಮೇಲೆ ಒಂದು ಬಾಕ್ಸಿದೆಯಲ್ಲ, 'ಮಂಡಿನೋವು' ಅಂತ ಬರೆದಿದೆ. ಏನದು?"

ಚಂದ್ರಕುಮಾರನ ನಗು ಅರ್ಧಕ್ಕೆ ನಿಂತಿತು. "ಅದು... ನೋವಿನ ಎಣ್ಣೆ ಕಂಪನಿಯೊಂದಕ್ಕೆ ಮಾಡ್ಕೊಟ್ಟ ಪಟ್ಟಿ."

"ಯಾರ್‍ಯಾರಿಗೆ ಮಂಡಿನೋವು ಅಂತ ನಿಮ್ಗೆ ಹೇಳ್ದೋರು ಯಾರು? ಮಂಡಿಯೇ ಬಂದು ಹೇಳ್ತಾ, ಇಲ್ಲ ಆಸ್ಪತ್ರೆ ಪುಸ್ತಕದಿಂದ ಹೆಸರು ಎತ್ಕೊಂಡ್ರಾ? ಎಸ್ಐ ಸಾಹೇಬ್ರು ಆ ಬಾಕ್ಸ್ ಎಲ್ಲಿಂದ ಬಂತು ಅಂತ ಕೇಳಿದ್ರೆ ಏನ್ ಹೇಳ್ತೀರಿ?"

ಚಂದ್ರಕುಮಾರ್ ಕಂಪ್ಯೂಟರನ್ನು ಸ್ವಾಮಿಯ ಕಡೆ ತಿರುಗಿಸಿದ. "ನೋಡ್ಕೊಳ್ಳಿ. ಫೋಟೋ ತೆಗೀಬೇಡಿ ಅಷ್ಟೆ."

ಬಡ್ಡೀಮಗ, ಇದನ್ನೇ ಮೊದಲ ಟೀಗೆ ಮುಂಚೆ ಮಾಡಿದ್ದರೆ ಎಷ್ಟು ಹೊತ್ತು ಉಳಿಯುತ್ತಿತ್ತು!

ಸ್ವಾಮಿ ತಾನು ಊರೂರಿನ ಗುರುತಿನವರ ಕೈಯಲ್ಲಿ ತರಿಸಿಕೊಂಡಿದ್ದ ಡ್ರಮ್ಮಿನ ಲಕೋಟೆಗಳನ್ನು ಮೇಜಿನ ಮೇಲೆ ಸುರಿದ. ಹರವೆ, ಬೇಗೂರು, ಹರದನಹಳ್ಳಿ, ಗುಂಡ್ಲುಪೇಟೆ. ಒಂದೊಂದೇ ಹೆಸರು ಓದುತ್ತಾ ಹೋದ. ಚಂದ್ರಕುಮಾರ್ ಒಂದೊಂದೇ ಹೆಸರು ಹುಡುಕುತ್ತಾ ಹೋದ.

ಇಲ್ಲ. ಇಲ್ಲ. ಇದೆ, ಆದರೆ ವಿಳಾಸ ಬೇರೆ. ಇಲ್ಲ. ಇಲ್ಲ.

"ಇನ್ನೊಂದು ಹೇಳ್ತೀನಿ ಕೇಳಿ" ಅಂದ ಚಂದ್ರಕುಮಾರ್, ದನಿ ಈಗ ಸ್ವಲ್ಪ ಇಳಿದಿತ್ತು. "ನನ್ನ ಎಲ್ಲಾ ಪಟ್ಟಿಯಲ್ಲೂ ಒಂದೆರಡು ಸುಳ್ಳು ಹೆಸರು ಸೇರಿಸಿರ್ತೀನಿ. ಪರಶಿವಪ್ಪ ಅಂತ ಒಬ್ಬ ಇದಾನೆ. ಮನುಷ್ಯ ಇಲ್ಲ, ವಿಳಾಸ ನಮ್ಮತ್ತೆ ಮನೇದು. ಯಾರಾದ್ರೂ ನನ್ನ ಪಟ್ಟಿ ಕದ್ದು ಪತ್ರ ಹಾಕಿದ್ರೆ ಪರಶಿವಪ್ಪನಿಗೂ ಒಂದು ಬೀಳತ್ತೆ. ಕಳ್ಳ ಸಿಕ್ಕಿಬೀಳ್ತಾನೆ."

"ಪರಶಿವಪ್ಪನಿಗೆ ಡ್ರಮ್ಮಿನ ಪತ್ರ ಬಂತಾ?"

"...ಇಲ್ಲ."

ಸ್ವಾಮಿ ಕುರ್ಚಿಯಿಂದ ಅರ್ಧ ಎದ್ದುಬಿಟ್ಟ. "ಇಲ್ವಾ? ಇದು ನಿಮ್ಗೆ ಮೊದ್ಲೇ ಗೊತ್ತಿತ್ತಾ? ಗೊತ್ತಿದ್ದೂ ಆ ಹುಡುಗನ ಹೆಸರು ಬರ್ಕೊಟ್ರಾ?"

"ಬರಲಿಲ್ಲ ಅಂದ್ರೆ ಕದ್ದಿಲ್ಲ ಅಂತ ಅರ್ಥ ಅಲ್ಲ ಸಾರ್. ಸಿದ್ದಾರ್ಥನಿಗೆ ಪರಶಿವಪ್ಪನ ವಿಷಯ ಗೊತ್ತಿತ್ತು. ತೆಗೆದುಹಾಕಿರಬಹುದು. ಇಲ್ಲಿ ನನ್ನ ಗಿರಾಕಿಗಳು ದಿನಾ ಫೋನ್ ಮಾಡಿ, ನಿಮ್ಮ ಪಟ್ಟಿ ಸೋರಿದೆಯಂತೆ ಅಂತ ಉಗೀತಾ ಇದ್ರು. ನಾನು ಯಾರನ್ನಾದ್ರೂ ತೋರಿಸ್ಬೇಕಿತ್ತು. ಅವನು ನೋಡಿದ್ರೆ ಸೀಸನ್ನಿನಲ್ಲಿ ಕೈ ಕೊಟ್ಟು, ಸರ್ಕಾರಿ ಕೆಲಸ ಸಿಕ್ತು ಅಂತ ಹೊರಟ."

"ಅದಕ್ಕೆ?"

ಚಂದ್ರಕುಮಾರ್ ಕಂಪ್ಯೂಟರಿನ ಕಡೆ ತಿರುಗಿದ. ಹರದನಹಳ್ಳಿಯ ಆ ಕೇರಿಯ ಹುಡುಗ ನಾಳೆ ಮೇಜಿನ ಹಿಂದೆ ಕೂತು ಸಹಿ ಹಾಕುತ್ತಾನೆ ಎಂದರೆ ಇವನಂಥವರ ಹೊಟ್ಟೆ ಯಾಕೆ ಉರಿಯುತ್ತದೆ ಎಂದು ಸ್ವಾಮಿಗೆ ಬಿಡಿಸಿ ಹೇಳಬೇಕೇ? ಅವನ ಕೈ ಕಪಾಳಕ್ಕೆ ಬಾರಿಸಲು ತುರಿಸಿತು. ಯೂನಿಫಾರ್ಮು ಇದ್ದಾಗ ಇಂಥ ಆಸೆಗಳಿಗೆ ಬೆಲೆಯಿತ್ತು, ಈಗ ಟೀ ಲೋಟವನ್ನು ಕುಕ್ಕಿ ಇಟ್ಟ.

ಅಷ್ಟರಲ್ಲಿ ಚಂದ್ರಕುಮಾರ್ ಲಕೋಟೆಗಳನ್ನು ತನ್ನ ಕಡೆ ಎಳೆದುಕೊಂಡಿದ್ದ. ಮುಖದಲ್ಲಿ ಅಸಹ್ಯ. ಕೊಳೆತ ತರಕಾರಿ ಕಂಡ ಅಡುಗೆಯವನ ಮುಖ.

"ಥೂ. ಯಾವನ್ರೀ ಇದನ್ನ ಕಳ್ಸಿದೋನು?"

"ಅದನ್ನೇ ತಾನೇ ಬೆಳಿಗ್ಗೆಯಿಂದ ಹುಡುಕ್ತಾ ಇರೋದು ನಾನು!"

"ಅಲ್ಲ ಸಾರ್, ಇಲ್ಲಿ ನೋಡಿ. ಈ ದಂಧೆಯಲ್ಲಿ ಪತ್ರ ಚೆನ್ನಾಗಿರೋದು ಎರಡನೇ ಮಾತು. ಯಾರಿಗೆ ಕಳಿಸ್ತೀವಿ ಅನ್ನೋದು ಮೊದಲನೇ ಮಾತು. ಒಡವೆ ಅಂಗಡಿ ಪತ್ರ ಅಂದ್ರೆ ಮದುವೆಗೆ ಬಂದ ಹೆಣ್ಣುಮಕ್ಕಳಿರೋ ಮನೆ ಹುಡುಕ್ತೀನಿ. ಡ್ರಮ್ಮು ಅಂದ್ರೆ ಅರಿಶಿನ ಹಾಕೋ ರೈತ, ಅದರಲ್ಲೂ ಮುಂಚೆ ಒಂದ್ಸಲ ಯಂತ್ರ ಕೊಂಡೋನು. ಒಂದ್ಸಲ ಕೊಂಡೋನೇ ಇನ್ನೊಂದ್ಸಲ ಕೊಳ್ಳೋದು. ಇವನು ಯಾರಿಗೆ ಹಾಕಿದಾನೆ? ಬೇಗೂರಿನ ಗುರುಮಲ್ಲಯ್ಯ. ಏನ್ ಮಾಡ್ತಾರೆ ಇವರು?"

"ಟೈಲರು. ಗೊತ್ತು ನಂಗೆ."

"ಟೈಲರಿಗೆ ಅರಿಶಿನದ ಡ್ರಮ್ಮು! ಏನು, ಪ್ಯಾಂಟು ಬೇಯಿಸ್ತಾರಾ? ಈ ದೊಡ್ಡಬೀರಯ್ಯ?"

"ಬಸ್ ಕಂಡಕ್ಟರ್ ಆಗಿದ್ದ. ಅವನೂ ಗೊತ್ತು. ಹೋದ ವರ್ಷ ದೀಪಾವಳಿಗೆ ತೀರ್ಕೊಂಡ. ಮಣ್ಣಿಗೆ ನಾನೂ ಹೋಗಿದ್ದೆ."

"ಸತ್ತೋನಿಗೆ ಪತ್ರ!" ಚಂದ್ರಕುಮಾರ್ ಎರಡೂ ಕೈ ಮೇಲೆತ್ತಿದ. "ಪಟ್ಟಿ ಅಂದ್ಮೇಲೆ ಆಗಾಗ ಜಾಡಿಸ್ಬೇಕು ಸಾರ್. ಸತ್ತೋರು, ಊರು ಬಿಟ್ಟೋರು, ಎಲ್ಲಾ ತೆಗೀಬೇಕು. ಸಿದ್ದಾರ್ಥ ನನ್ನ ಕೈಯಲ್ಲಿ ಪಳಗಿದ ಹುಡುಗ. ಇಂಥ ಕೆಟ್ಟ ಪಟ್ಟಿ ಅವನು ಸತ್ರೂ ಆರಿಸಲ್ಲ!"

ಹೇಳಿಬಿಟ್ಟ ಮೇಲೆ ತಾನು ಹೇಳಿದ್ದೇನೆಂದು ಅವನಿಗೆ ಹೊಳೆಯಿತು.

"ಇದನ್ನೇ ಬರ್ಕೊಡಿ" ಅಂದ ಸ್ವಾಮಿ.

ಬರೆದುಕೊಡುವ ಬದಲು ಚಂದ್ರಕುಮಾರ್ ಲಕೋಟೆಗಳನ್ನು ಮತ್ತೆ ಮತ್ತೆ ತಿರುವಿ ನೋಡಿದ. ಈಗ ಅವನಿಗೂ ಹಟ ಹತ್ತಿತ್ತು. "ಇದು ಆರಿಸಿದ ಪಟ್ಟಿಯಲ್ಲ ಸಾರ್. ಕೈಗೆ ಸಿಕ್ಕಿದ ಪಟ್ಟಿ. ಅವನ ಹತ್ರ ಇದ್ದದ್ದು ಇದೊಂದೇ. ನನ್ನ ಪಟ್ಟಿಯಲ್ಲಿ ಹೆಸರು ಹೇಗಿರತ್ತೆ ನೋಡಿ. ಇಂಥವರು ಬಿನ್ ಇಂಥವರು, ಇಂಥವರು ಕೋಂ ಇಂಥವರು. ಸರ್ಕಾರಿ ಪಟ್ಟಿಯಲ್ಲೂ ಅಷ್ಟೇ. ಇಲ್ಲಿ ಏನಿದೆ? 'ಬಾವಿಮನೆ ದೊಡ್ಡಮಲ್ಲಮ್ಮನವರು, ಹರವೆ.' 'ಟೈಲರ್ ಗುರುಮಲ್ಲಯ್ಯನವರು ಮತ್ತು ಕುಟುಂಬದವರು.' ಯಾವ ಕಂಪನಿ ಹೀಗೆ ಬರೆಯತ್ತೆ? ಇದು ಯಾರೋ ಮನೆಯವರು ಬರೆದ ಪಟ್ಟಿ. ಅದಕ್ಕೇ ನೋಡಿ, ಇಷ್ಟು ಕೆಟ್ಟ ಪಟ್ಟಿಯಾದ್ರೂ ಜನ ದುಡ್ಡು ಕಟ್ಟಿದಾರೆ. ಗುರುತಿನವರು ಕರೆದ ಹಾಗಿದೆ."

ಸ್ವಾಮಿ ಲಕೋಟೆಗಳನ್ನು ಒಂದೊಂದಾಗಿ ಬ್ಯಾಗಿಗೆ ತುಂಬಿಕೊಂಡ. ಗುರುಮಲ್ಲಯ್ಯ ತೆರಕಣಾಂಬಿಯಿಂದ ಬೇಗೂರಿಗೆ ಅಂಗಡಿ ಬದಲಾಯಿಸಿದ್ದು ಹೋದ ವರ್ಷ ಯುಗಾದಿಗೆ. ಪಟ್ಟಿಯಲ್ಲಿ ಅವನ ವಿಳಾಸ ಬೇಗೂರಿನದೇ. ದೊಡ್ಡಬೀರಯ್ಯ ಹೋದದ್ದು ದೀಪಾವಳಿಗೆ, ಪಟ್ಟಿಯಲ್ಲಿ ಅವನಿನ್ನೂ ಬದುಕಿದ್ದಾನೆ. ಹಾಗಾದರೆ ಪಟ್ಟಿ ಹುಟ್ಟಿದ್ದು ಹೋದ ಯುಗಾದಿಗೂ ದೀಪಾವಳಿಗೂ ನಡುವೆ.

"ಒಂದು ಮಾತು ಸಾರ್" ಅಂದ ಚಂದ್ರಕುಮಾರ್ ಬಾಗಿಲವರೆಗೆ ಬಂದು. "ಇಷ್ಟೂ ಜನ ನಿಮಗೆ ಗೊತ್ತಿರೋರೇ ಅಲ್ವಾ?"

"ಈ ಎರಡು ತಾಲ್ಲೂಕಲ್ಲಿ ನಂಗೆ ಗೊತ್ತಿಲ್ದಿರೋರು ಯಾರ್ರೀ ಇದಾರೆ?" ಅಂದ ಸ್ವಾಮಿ. ಅಂದು ಮೀಸೆ ಮೇಲೆ ಕೈಯಾಡಿಸಿಕೊಂಡೇ ಮೆಟ್ಟಿಲಿಳಿದ.

ಕಾರಿನಲ್ಲಿ ಕೂತು ಎಸ್ಐಗೆ ಫೋನು ಮಾಡಿದ. ಒಂದು ಕಾಲಕ್ಕೆ ಪ್ರೊಬೇಷನ್ನಿನಲ್ಲಿದ್ದಾಗ ಇವನ ಹತ್ತಿರ ಕೆಲಸ ಕಲಿತ ಹುಡುಗ. ಮರ್ಯಾದೆಯಿಂದಲೇ ಕೇಳಿಸಿಕೊಂಡ, ಮರ್ಯಾದೆಯಿಂದಲೇ ತಲೆ ತಿಂದ.

"ಸಾರ್, ಒಳ್ಳೆ ಹುಡುಗ ಕೆಟ್ಟ ಪಟ್ಟಿ ಆರಿಸಲ್ಲ ಅಂತ ನಾನು ಕೋರ್ಟಲ್ಲಿ ಹೇಳೋಕಾಗತ್ತಾ? ಇದು ಚಂದ್ರಕುಮಾರನ ಪಟ್ಟಿ ಅಲ್ಲ ಅಂದ್ರೆ ಯಾರದು? ಅದು ತನ್ನಿ. ಪತ್ರದಲ್ಲಿರೋ ಕ್ಯೂಆರ್ ಕೋಡಿನಲ್ಲಿ ಕಂಪನಿ ಹೆಸರೊಂದೇ ಬರ್ತಿದೆ, ಖಾತೆ ಯಾರದು ಅಂತ ಬ್ಯಾಂಕಿನಿಂದ ಉತ್ತರ ಬಂದಿಲ್ಲ. ಮೇಲಿನವರು ಬೆಳಿಗ್ಗೆಯಿಂದ ಒತ್ತಡ ಹಾಕ್ತಾ ಇದಾರೆ. ಸಂಜೆವರೆಗೂ ಕಾಯ್ತೀನಿ ಸಾರ್. ನೀವು ಹೇಳಿದ್ದಕ್ಕೆ."

"ಕಾಯಪ್ಪ, ಕಾಯಿ" ಅಂತ ಸ್ವಾಮಿ ಫೋನು ಇಟ್ಟ. "ಮಲ್ಲೇಶ, ಆ ಹಾಡು ನಿಲ್ಸು. ತಲೆ ಚಿಟ್ಟು ಹಿಡೀತು. ಹರವೆಗೆ ನಡಿ."

"ಹರವೆಗಾ ಮಾವ? ಅಲ್ಲಿ ಯಾರು?"

"ದೊಡ್ಡಮಲ್ಲಮ್ಮ. ನಮ್ಮ ಚಿಕ್ಕವ್ವ ಆಗ್ಬೇಕು, ಅಪ್ಪನ ಕಡೆಯಿಂದ. ಮೊದ್ಲು ದುಡ್ಡು ಕಟ್ಟಿದೋಳು ಅವಳೇ ಅಂತೆ, ಲಕೋಟೆ ತಂದ್ಕೊಟ್ಟೋರು ಹೇಳಿದ್ರು."

ಮಲ್ಲೇಶ ಹಾಡು ನಿಲ್ಲಿಸಿದ. ದಾರಿಯುದ್ದಕ್ಕೂ ಹೊಲಗಳಲ್ಲಿ ಅರಿಶಿನ ಕೀಳುತ್ತಿದ್ದರು. ಬೇಯಿಸುವ ಒಲೆಗಳ ಹೊಗೆ ರಸ್ತೆಗೇ ಬರುತ್ತಿತ್ತು. ಈ ಸಮಯ ನೋಡಿ ಪತ್ರ ಹಾಕಿದ್ದಾನೆ, ಡ್ರಮ್ಮಿನ ವ್ಯಾಪಾರ ಬಲ್ಲವನೇ ಇರಬೇಕು ಎಂದುಕೊಂಡ ಸ್ವಾಮಿ. ಸಮಯ ಗೊತ್ತಿದ್ದವನಿಗೆ ಜನ ಯಾಕೆ ಗೊತ್ತಿಲ್ಲ? ಯೋಚಿಸಿದಷ್ಟೂ ಗಂಟು ಬಿಗಿಯಾಯಿತೇ ಹೊರತು ಸಡಿಲಾಗಲಿಲ್ಲ.

ದೊಡ್ಡಮಲ್ಲಮ್ಮ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. ಸ್ವಾಮಿಯನ್ನು ಕಂಡವಳೇ ಮುಖ ಆ ಕಡೆ ತಿರುಗಿಸಿದಳು.

"ಏನ್ ಚಿಕ್ಕವ್ವ, ಚೆನ್ನಾಗಿದ್ದಿಯಾ?"

"ಇವ್ನಿ ಕನಪ್ಪ. ಸತ್ತಿದ್ರ ಸುದ್ದಿ ಬತ್ತಿತ್ತಲ್ಲ ನಿಂಗ."

ಸ್ವಾಮಿಗೆ ಏನೂ ಅರ್ಥವಾಗಲಿಲ್ಲ. ಇವಳಿಗೆ ಯಾವಾಗ ಮುನಿಸು ಬಂತು? ಜಗುಲಿಯ ತುದಿಯಲ್ಲಿ ಕೂತು ಲಕೋಟೆ ತೆಗೆದ.

"ಈ ಡ್ರಮ್ಮಿನ ಪತ್ರದ ವಿಷ್ಯ ಕೇಳಾಕೆ ಬಂದೆ. ಯಾಕವ್ವ ದುಡ್ಡು ಕಟ್ಟಿದ್ದು? ನಿನ್ ಹೊಲ ಗುತ್ತಿಗೆ ಕೊಟ್ಟು ಎಷ್ಟು ವರ್ಷ ಆಯ್ತು? ಅರಿಸ್ಣ ಎಲ್ಲಿ ಬೆಳೀತಿಯಾ ನೀನು?"

"ಅದ್ನ ನನ್ನ ಕೇಳ್ತಿಯಲ್ಲ, ನಿಂಗ ಗೊತ್ತಿಲ್ವಾ?"

"ನಂಗೆ ಹೆಂಗೆ ಗೊತ್ತಿರತ್ತೆ ಚಿಕ್ಕವ್ವ!"

ದೊಡ್ಡಮಲ್ಲಮ್ಮ ಅವರೆಕಾಯಿ ಮೊರವನ್ನು ಪಕ್ಕಕ್ಕೆ ಸರಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದು ಮುಂದಿಟ್ಟಳು. "ಕುಡಿ. ಮನಗ ಬಂದೋರ್ನ ಬಾಯಾರ್ಸಿ ಕಳ್ಸೋ ಬುದ್ಧಿ ನಮ್ಗಿಲ್ಲ."

ಸ್ವಾಮಿ ಕುಡಿದ. ತಾಳ್ಮೆ ತಂದುಕೊಂಡ. "ಸರಿ. ಬೇರೆ ಕೇಳ್ತೀನಿ. ಹೋದ ಯುಗಾದಿ ಆದ್ಮೇಲೆ ನಿಂಗೆ ಪೋಸ್ಟಲ್ಲಿ ಏನೇನು ಬಂತು? ಯಾವ್ದಾದ್ರೂ ಅಂಗಡಿಗೆ, ಆಸ್ಪತ್ರೆಗೆ, ದೇವಸ್ಥಾನಕ್ಕೆ ವಿಳಾಸ ಕೊಟ್ಟಿದ್ಯಾ?"

"ನಂಗ್ಯಾವ್ ಪೋಸ್ಟು ಬಂದದು? ಪೆನ್ಷನ್ ಬುಟ್ರ ಪೋಸ್ಟ್‌ಮ್ಯಾನ್ ಈ ಬೀದಿಗೇ ಬರಕಿಲ್ಲ." ಇದ್ದಕ್ಕಿದ್ದಂತೆ ದನಿ ಏರಿತು. "ಬಂದಿದ್ದು ಒಂದೇ. ನಿನ್ ಮಗ್ಳು ಮದ್ವ ಪತ್ರಿಕ!"

"ಏನಂದೆ?"

"ಊಂ ಕನಪ್ಪ. ಪೋಸ್ಟಲ್ಲಿ! ನಿಮ್ಮವ್ವ ಇದ್ದಾಗ ಹಿಂಗ್ ಮಾಡ್ತಿದ್ಲಾ? ಸೆರಗು ಹೊದ್ದು ಹೊಸ್ಲು ದಾಟಿ ಬಂದು, ಅರಿಸ್ಣ ಕುಂಕುಮ ಇಟ್ಟು, ಅಕ್ಷತ ಕೊಟ್ಟು, ಬಾ ತಂಗಿ ಅಂತ ಕರ‍್ದು ಹೋಯ್ತಿದ್ಲು. ನೀನು ಅಂಗಡಿ ಬಿಲ್ಲು ಕಳ್ಸ್ದಂಗ ಕಳ್ಸ್‌ಬುಟ್ಟೆ. ಅದ್ಕ ನಾ ಮದ್ವಗ ಬರ‍್ನಿಲ್ಲ. ನಾ ಬರ‍್ನಿಲ್ಲ ಅನ್ನದಾದ್ರೂ ಗೊತ್ತಾಯ್ತಾ ನಿಂಗ?"

ಗೊತ್ತಾಗಿರಲಿಲ್ಲ. ಹೋದ ವೈಶಾಖದಲ್ಲಿ ಅವನ ಒಬ್ಬಳೇ ಮಗಳು ರೂಪಶ್ರೀಯ ಮದುವೆ. ಅಡುಗೆಯವರು, ಛತ್ರ, ಬೀಗರ ಮರ್ಯಾದೆ ಎಂದು ಓಡಾಡುವುದರಲ್ಲಿ ಯಾರು ಬಂದರು ಯಾರು ಬಿಟ್ಟರು ಎಂದು ನೋಡಿದವರು ಯಾರು? ಹತ್ತಿರದವರ ಮನೆಗೆ ಗಂಡ ಹೆಂಡತಿ ಹೋಗಿ ಕರೆದಿದ್ದರು. ಉಳಿದವರಿಗೆ ಅಂಚೆ.

ಹೋದ ವೈಶಾಖ. ಯುಗಾದಿಯ ಆಚೆ, ದೀಪಾವಳಿಯ ಈಚೆ.

ಸ್ವಾಮಿ ಉಳಿದ ಲಕೋಟೆಗಳನ್ನೂ ಹೊರತೆಗೆದ. ಕಂಡಕ್ಟರ್ ದೊಡ್ಡಬೀರಯ್ಯನಿಗೂ ಪೋಸ್ಟು. ಟೈಲರ್ ಗುರುಮಲ್ಲಯ್ಯನಿಗೂ ಪೋಸ್ಟು. ಎಲ್ಲರೂ ನನಗೆ ಗೊತ್ತಿರುವವರೇ ಎಂದು ಮೀಸೆ ಸವರಿಕೊಂಡಿದ್ದು ನೆನಪಾಗಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮನೆಗೇ ಹೋಗಿ ಕರೆದ ನಂಟರಲ್ಲಿ ಒಬ್ಬರಿಗಾದರೂ ಡ್ರಮ್ಮಿನ ಪತ್ರ ಬಂದಿತ್ತೇ? ಇಲ್ಲ. ಒಬ್ಬರಿಗೂ ಇಲ್ಲ.

"ಯಾರೋ ನನ್ ಮನೆ ಮದುವೆ ಪಟ್ಟಿ ಕದ್ದವ್ರೆ ಚಿಕ್ಕವ್ವ" ಅಂದ, ತನಗೇ ಹೇಳಿಕೊಂಡಂತೆ. "ಇಲ್ಲ ಇರು. ಬಾವಿಮನೆ ಅಂತ ಊರಲ್ಲೆಲ್ಲಾ ಅಂತಾರಲ್ಲ? ಬೇರೆ ಯಾರಾದ್ರೂ ಬರೆದಿರಬಹುದು."

"ಯಾರಪ್ಪ ಅಂದರು? ಊರೋರೆಲ್ಲ ನಮ್ಮನ್ನ ಗೌಡ್ರಟ್ಟಿ ಅನ್ನದು. ಬಾವಿ ಮುಚ್ಚಿ ನಲವತ್ತು ವರ್ಸ ಆಯ್ತು. ಬಾವಿಮನೆ ಅಂತಿದ್ದೋಳು ನಿಮ್ಮವ್ವ ಒಬ್ಳೇಯ. ಅವಳ ಬಾಯಿಂದ ನಿಮ್ಮನೇರು ಕಲ್ತ್ರಿ." ದೊಡ್ಡಮಲ್ಲಮ್ಮನ ಕಣ್ಣಲ್ಲಿ ನೀರು ನಿಂತಿತು. "ಅದ್ಕೇ ಕನಪ್ಪ ನಾ ದುಡ್ಡು ಕಟ್ಟಿದ್ದು. ಬಾವಿಮನೆ ಅಂತ ಬರ‍್ದದ, ಇದು ನಮ್ ಸ್ವಾಮಿ ಕಡೆದೇ, ಅಳೀಮಯ್ಯ ಟ್ರಾಕ್ಟ್ರು ಮಿಷನ್ ಮಾರ‍್ತನ ಅಂತಿದ್ರು, ಹೊಸ್ದಾಗಿ ಏನೋ ಸುರು ಮಾಡವ್ರ ಅಂದ್ಕಂಡಿ. ನಂಗ ಡ್ರಮ್ಮು ಯಾಕ? ಮುನಿಸ್ಕೊಂಡು ಮದ್ವಗ ಬರ‍್ನಿಲ್ಲ, ಮಗೀಗ ಮುಯ್ಯೂ ಹಾಕ್ನಿಲ್ಲ, ಇದಾದ್ರೂ ಆಗ್ಲಿ ಅಂತ ಕಟ್ದಿ. ಬೇರೇರು ದೂರು ಕೊಟ್ರು. ನಾ ಕೊಟ್ನಾ?"

ಹೊರಗೆ ಕಾರಿನ ಹಾರನ್ನು ಬಡಿಯಿತು. ಒಂದು ಸಲ. ಎರಡು ಸಲ.

ಈ ಸಲ ಸ್ವಾಮಿ ಬೈಯಲಿಲ್ಲ. ಕಾರಿನ ಕಡೆ ನೋಡಿದ. ಮಲ್ಲೇಶ ಬಾಗಿಲು ತೆರೆದುಕೊಂಡು, ಒಂದು ಕಾಲು ಹೊರಗಿಟ್ಟು, ಮೊಬೈಲು ನೋಡುತ್ತಾ ಕೂತಿದ್ದ. ಕೃಷಿ ಯಂತ್ರಗಳ ಶೋರೂಮಿನ ಸೇಲ್ಸ್‌ಮ್ಯಾನ್. ಡ್ರಮ್ಮಿನ ಕಾಲ ಯಾವುದು ಎಂದು ಬಲ್ಲವನು.

ಸ್ವಾಮಿ ಚಿಕ್ಕವ್ವನ ಮನೆಯ ಹಿತ್ತಲಿಗೆ ಹೋಗಿ ಹೆಂಡತಿಗೆ ಫೋನು ಮಾಡಿದ.

"ನಾಗಲಕ್ಷ್ಮಿ, ರೂಪನ ಮದುವೆ ಪತ್ರಿಕೆಗೆ ವಿಳಾಸ ಬರೆದೋರು ಯಾರು?"

"ಇದೇನ್ರೀ ಈ ಹೊತ್ತಲ್ಲಿ? ಒಲೆ ಮೇಲೆ ಸಾರಿದೆ."

"ಸಾರು ಹಾಳಾಗ್ಲಿ! ಯಾರು ಬರೆದದ್ದು ಹೇಳು."

"ಬರೆದದ್ದೆಲ್ಲಿ ಬಂತು, ಪ್ರಿಂಟ್ ತಾನೇ? ನಿಮಗೆ ಬರೆಯೋಕೆ ಸೋಮಾರಿತನ, ಊರೂರು ಹೋಗಿ ಕರೆಯೋಕೆ ಇನ್ನೂ ಸೋಮಾರಿತನ. ಅಳಿಯಂದಿರೇ ಪಾಪ, ಆಗಿನ್ನೂ ಅಳಿಯ ಆಗಿರ್ಲಿಲ್ಲ, ನಾನು ಟೈಪ್ ಮಾಡಿ ಚೀಟಿ ಅಂಟಿಸ್ಕೊಡ್ತೀನಿ ಅತ್ತೆ ಅಂದ್ರು. ರೂಪ ನಮ್ಮ ಹಳೇ ಪುಸ್ತಕ ನೋಡಿ ಒಂದೊಂದೇ ಓದಿ ಹೇಳಿದ್ಲು, ಅವರು ಲ್ಯಾಪ್‌ಟಾಪಿಗೆ ಹೊಡೆದ್ರು. ಯಾಕೆ, ಏನಾಯ್ತು?"

"ಆ ಪಟ್ಟಿ ಬೇರೆ ಯಾರಿಗಾದ್ರೂ ಕೊಟ್ಟಿದ್ವಾ?"

"ಯಾರಿಗೆ ಬೇಕ್ರೀ ನಮ್ಮ ನಂಟರ ಪಟ್ಟಿ? ಏನಾಯ್ತು ಅಂತ ಹೇಳಿ ಅಂದ್ರೆ..."

ಸ್ವಾಮಿ ಫೋನು ಕತ್ತರಿಸಿದ. ಸಂಕಟಕ್ಕಿಂತ ಮೊದಲು ಸಿಟ್ಟು ಬಂತು. ಅಯ್ಯೋ ನನ್ನ ಹಣೆಬರಹವೇ, ಇಡೀ ಜಿಲ್ಲೆಯ ಕಳ್ಳರನ್ನು ಬಿಟ್ಟು ನನ್ನ ಮನೆಯ ಅಳಿಯನೇ ಆಗಬೇಕಿತ್ತೇ! ಮಾವನನ್ನು ಕೂರಿಸಿಕೊಂಡು ಕಾರು ಓಡಿಸಿದ್ದು ಪ್ರೀತಿಗಲ್ಲ. ಮಾವ ಎಲ್ಲಿಗೆ ಹೋಗುತ್ತಾನೆ, ಏನು ಕೇಳುತ್ತಾನೆ ಎಂದು ನೋಡಲು. ಈಗ ಅನ್ನಿಸುತ್ತಿದೆ, ಬೆಳಿಗ್ಗೆ ಅನ್ನಿಸಲಿಲ್ಲ.

ಸುಮ್ಮನಿದ್ದುಬಿಟ್ಟರೆ? ಬ್ಯಾಂಕಿನ ಉತ್ತರ ಬರಬೇಕು, ಬಂದಾಗ ಬರಲಿ. ಅಲ್ಲಿಯವರೆಗೆ ಮಗಳ ಸಂಸಾರ ಉಳಿಯುತ್ತದೆ. ಆದರೆ ಅಷ್ಟರಲ್ಲಿ ಸಿದ್ದಾರ್ಥನ ಹೆಸರು ಎಫ್‌ಐಆರ್‌ಗೆ ಏರಿರುತ್ತದೆ. ಆಮೇಲೆ ಅವನು ನಿರಪರಾಧಿ ಎಂದು ಯಾರು ಹೇಳಿದರೆ ಏನು? ಹೋದ ಕೆಲಸ ಬರುವುದಿಲ್ಲ. ಹೊಂಗೆ ಮರದ ಕೆಳಗೆ ಕೂತ ಸುಂದ್ರಮ್ಮನಿಗೆ ಯಾವ ಮುಖ ತೋರಿಸುವುದು?

ಸ್ವಾಮಿ ಬಂದು ಕಾರಿನಲ್ಲಿ ಕೂತ. ಬಾಗಿಲನ್ನು ಜೋರಾಗಿಯೇ ಎಳೆದುಕೊಂಡ.

"ಏನಂತೆ ಮಾವ? ಏನಾದ್ರೂ ಗೊತ್ತಾಯ್ತಾ?"

"ಗೊತ್ತಾಯ್ತು. ಕಾರು ತೆಗಿ."

ಮಲ್ಲೇಶ ಅವನ ಮುಖವನ್ನೇ ನೋಡಿದ. ಕಾರು ತೆಗೆದ. ಮುಖ್ಯರಸ್ತೆ ಸೇರುವಷ್ಟರಲ್ಲಿ ಎಸ್ಐಯ ಫೋನು.

"ಸಾರ್, ಕ್ಷಮಿಸಿ. ಮೇಲಿನಿಂದ ಮತ್ತೆ ಕೇಳ್ತಾ ಇದಾರೆ. ನಿಮ್ಮ ಹತ್ರ ಹೆಸರಿದೆಯಾ? ಇಲ್ಲ ಅಂದ್ರೆ ನಾನು ಹುಡುಗನ್ನ ತೋರಿಸ್ಬೇಕಾಗತ್ತೆ."

ಸ್ವಾಮಿ ಪಕ್ಕಕ್ಕೆ ನೋಡಲಿಲ್ಲ. "ಇದೆ. ನಾನೇ ಕರ್ಕೊಂಡು ಬರ್ತಾ ಇದೀನಿ. ಆ ಹುಡುಗನ ಹೆಸರು ಮಾತ್ರ ಬರೀಬೇಡ."

ಮಲ್ಲೇಶ ಕಾರಿನ ವೇಗ ಇಳಿಸಿದ. "ಯಾರನ್ನ ಮಾವ?"

ಸ್ವಾಮಿ ಬಾಯಿ ತೆರೆಯುವ ಮೊದಲೇ ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಮಗಳು. ಅಮ್ಮನಿಗೆ ಹೇಳಿದ್ದು ಮಗಳಿಗೆ ತಲುಪಲು ಎಷ್ಟು ಹೊತ್ತು ಬೇಕು? ಒಲೆಯ ಮೇಲಿನ ಸಾರು ಕುದಿಯುವಷ್ಟೂ ಬೇಡ.

"ಅಪ್ಪಾಜಿ" ಅಂದಳು ರೂಪಶ್ರೀ. ಅತ್ತು ಮುಗಿಸಿದ ದನಿ. "ಅವರು ಪಕ್ಕದಲ್ಲಿದ್ದಾರಾ?"

"ಇದಾನೆ."

"ಅವರಿಗೆ ಏನೂ ಅನ್ಬೇಡಿ. ಅವರಿಗೇನೂ ಗೊತ್ತಿಲ್ಲ. ಲ್ಯಾಪ್‌ಟಾಪು ಮನೆಯಲ್ಲೇ ಇತ್ತು. ಡ್ರಮ್ಮಿನ ಕಾಲ ಯಾವುದು ಅಂತ ಅವರ ಬಾಯಲ್ಲೇ ಕೇಳಿದ್ದೆ. ಪತ್ರ ಹಾಕಿದ್ದು ನಾನು."

ಸ್ವಾಮಿಗೆ ಕೇಳಿಸಿತು. ಆದರೆ ಕೇಳಿಸಿದ್ದು ಒಳಗೆ ಇಳಿಯಲಿಲ್ಲ. ಮುಖ್ಯರಸ್ತೆಯ ತಿರುವಿನಲ್ಲಿ ಮಲ್ಲೇಶ ಕಾರು ನಿಲ್ಲಿಸಿದ. ಒಂದು ಕಡೆ ಗುಂಡ್ಲುಪೇಟೆ, ಇನ್ನೊಂದು ಕಡೆ ಚಾಮರಾಜನಗರ. ಹಿಂದಿನಿಂದ ಅರಿಶಿನದ ಮೂಟೆ ಹೊತ್ತ ಲಾರಿ ಹಾರನ್ನು ಹೊಡೆಯತೊಡಗಿತು.

"ಯಾವ ಕಡೆ ಮಾವ? ಮನೆಗಾ?"

"ಮನೆಗೇ ಬನ್ನಿ ಅಪ್ಪಾಜಿ, ಸ್ಟೇಷನ್‌ಗೆ ಬೇಡ" ಅಂದಳು ಫೋನಿನಲ್ಲಿ ರೂಪಶ್ರೀ. "ನಾನೆಲ್ಲಾ ಹೇಳ್ತೀನಿ."

ಸ್ವಾಮಿ ಕಣ್ಣು ಮುಚ್ಚಿ ತೆರೆದ. "ಚಾಮರಾಜನಗರಕ್ಕೆ ನಡಿಯಪ್ಪ" ಅಂದ, ಇಬ್ಬರಿಗೂ ಕೇಳಿಸುವ ಹಾಗೆ.

ಕಾರು ತಿರುಗಿತು.

"ಹಾಗಾದ್ರೆ ಸ್ಟೇಷನ್‌ಗೆ ಅಮ್ಮನೂ ಬರ್ಬೇಕಾಗತ್ತೆ ಅಪ್ಪಾಜಿ" ಅಂದಳು ರೂಪಶ್ರೀ. "ದುಡ್ಡು ಹೋಗಿರೋದು ಅಮ್ಮನ ಖಾತೆಗೆ."